ಬಲಗಡೆಯ ಬಿಸಿ ಗ್ರಿಪ್ಪು

ನಮ್ಮೂರಿನ ಟೈಲರುಗಳು ಪ್ಯಾಂಟಿಗೆ ಪಕ್ಕದ ಜೇಬು ಇಡುವುದಿಲ್ಲ. ಪೇಟೆಯಿಂದ ರೆಡಿಮೇಡ್ ತಂದವರೂ ಮೊದಲು ನಮ್ಮಪ್ಪನ ಅಂಗಡಿಗೆ ಕೊಟ್ಟು ಜೇಬಿನ ಬಾಯಿ ಹೊಲಿಸಿಕೊಂಡೇ ತೊಡಬೇಕು. ನಮ್ಮಪ್ಪ ಪರ್ವತಪ್ಪ ಊರಿಗೆ ಹಿರಿಯ ಟೈಲರು. ಜನ್ಮದಲ್ಲಿ ಬಟ್ಟೆ ಹೊಲಿದದ್ದಕ್ಕಿಂತ ಜೇಬು ಮುಚ್ಚಿದ್ದೇ ಹೆಚ್ಚು. ಜೇಬಿದ್ದರೆ ಕೈ ಒಳಗೆ ಹೋಗುತ್ತದೆ, ಒಳಗೆ ಹೋದ ಕೈ ಬೆಚ್ಚಗಾಗುತ್ತದೆ, ಬೆಚ್ಚಗಿರುವ ಕೈಯನ್ನು ನಂಬಬೇಕಾಗುತ್ತದೆ. ನಮ್ಮಲ್ಲಿ ಸುಳ್ಳು ಹೇಳಿದವರ ಕೈ ತಣ್ಣಗಾಗುತ್ತದೆ. ಬೇರೆ ಕಡೆ ಹಾಗಾಗುವುದಿಲ್ಲವೆಂದು ನನಗೆ ಗೊತ್ತಾಗಿದ್ದು ಘಟ್ಟದ ಕೆಳಗಿನ ಪೇಟೆಯಲ್ಲಿ ಹಾಸ್ಟೆಲು ಸೇರಿದ ಮೇಲೆ. ಅಲ್ಲಿಯವರು ಕೈ ಮುಟ್ಟದೆ ನಂಬಿ ಮೋಸ ಹೋಗುತ್ತಾರೆ. ನಮ್ಮವರು ಮುಟ್ಟಿ ನೋಡಿ ಮೋಸ ಹೋಗುತ್ತಾರೆ. ಅಷ್ಟೇ ವ್ಯತ್ಯಾಸ.

ಮುಟ್ಟುವ ಅಧಿಕಾರ ಎಲ್ಲರಿಗೂ ಇಲ್ಲ. ಅದು ಕೈಗೌಡರ ಮನೆತನಕ್ಕೆ ಸೇರಿದ್ದು. ಪಾಲು, ಬೇಲಿ ಜಗಳ, ಹೆಣ್ಣು ನೋಡುವ ಶಾಸ್ತ್ರ, ಏನೇ ಇದ್ದರೂ ಅವರು ಬಂದು ಕೂರಬೇಕು. ಊರಿಗೆಲ್ಲ ಗ್ಲೌಸು ನಿಷಿದ್ಧ, ಅವರೊಬ್ಬರಿಗೆ ಕಡ್ಡಾಯ. ಮೊಲದ ಚರ್ಮದ ಆ ಗ್ಲೌಸನ್ನು ಕಳಚಿ, ಮಾತು ಕೊಡುವವನ ಅಂಗೈ ಹಿಡಿದು, ದೇವರು ಮೈಮೇಲೆ ಬಂದವರಂತೆ ಕಣ್ಣು ಮುಚ್ಚಿ, ಕೊನೆಗೆ 'ನಿಜ' ಅಥವಾ 'ಸುಳ್ಳು' ಅನ್ನುತ್ತಾರೆ. ಅವರ ಕೈ ಮುಟ್ಟಿ ನೋಡುವವರು ಯಾರು ಎಂದು ಚಿಕ್ಕವಳಿದ್ದಾಗ ಕೇಳಿ ನಾನು ಅಪ್ಪನ ಅಳತೆಕೋಲಿನಲ್ಲಿ ಏಟು ತಿಂದಿದ್ದೇನೆ. ಕಣ್ಣಾರೆ ಕಂಡರೂ ಕೈ ಮುಟ್ಟಿ ನೋಡು ಎನ್ನುವುದು ನಮ್ಮೂರ ಗಾದೆ. ಚಾವಡಿಗೆ ಬಂದವನು ಬಂದ ಕೈಯನ್ನು ಬಂದ ಹಾಗೇ ಕೊಡಬೇಕು. ದಾರಿಯಲ್ಲಿ ಒಲೆಯ ಮುಂದೆ ಕೂತು ಬರುವಂತಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ಬರುವಂತಿಲ್ಲ. ಹೋಟೆಲಿನಲ್ಲಿ ಚಹಾದ ಲೋಟವನ್ನು ಟವೆಲಿನ ತುದಿಯಲ್ಲಿ ಹಿಡಿದು ಕುಡಿಯುವವನು ಕಂಡರೆ ಇವತ್ತು ಇವನ ಕೇಸಿದೆ ಎಂದು ತಿಳಿದುಕೊಳ್ಳಬಹುದು.

ಹೆಂಗಸರ ಕೈ ಮುಟ್ಟುವ ಪದ್ಧತಿಯೇ ಇಲ್ಲ. ಪಾತ್ರೆ, ಬಟ್ಟೆ, ನೆಲ, ಸೊಪ್ಪು, ಮಕ್ಕಳ ಮೂಗು ಎಂದು ಅದು ಸದಾ ನೀರಿನಲ್ಲಿರುತ್ತದೆ, ಸದಾ ತಣ್ಣಗಿರುತ್ತದೆ. ಆದ್ದರಿಂದ ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ, ಲೆಕ್ಕಕ್ಕೇ ಇಲ್ಲ ಎಂದು ಹಿಂದಿನ ಯಾವುದೋ ಕೈಗೌಡರು ಬಹಳ ಯೋಚನೆ ಮಾಡಿ ತೀರ್ಮಾನಿಸಿದರಂತೆ. ಹಾಗಾದರೆ ಪಾತ್ರೆಯನ್ನು ಬೇರೆ ಯಾರಾದರೂ ತೊಳೆಯಲಿ ಎನ್ನುವಷ್ಟು ದೂರ ಆ ಯೋಚನೆ ಹೋಗಲಿಲ್ಲ.

ನಮ್ಮ ಹಾಗೆಯೇ ಲೆಕ್ಕಕ್ಕಿಲ್ಲದ ಇನ್ನೊಂದು ಜಾತಿಯೆಂದರೆ ಚಳಿಗಾಲದ ಬೈಕಿನವರು. ಘಟ್ಟದ ಗಾಳಿಗೆ ಹ್ಯಾಂಡಲ್ ಹಿಡಿದು ಬಂದವನ ಕೈ ಹೆಣದ ಕೈಯಂತಿರುತ್ತದೆ. ಕಾರ್ತಿಕ ಹುಟ್ಟಿದ ದಿನದಿಂದ, ಚಳಿ ಶಿವಶಿವಾ ಎಂದು ಹೋಗುವ ಶಿವರಾತ್ರಿಯವರೆಗೆ ಅವರು ಏನು ಹೇಳಿದರೂ ಸುಳ್ಳೇ. ಮೊಟ್ಟೆ ಮಾರುವ ಪಾಲಾಕ್ಷ ಒಂದು ಬೆಳಿಗ್ಗೆ ಬೆರಳು ಮರಗಟ್ಟಿ, ಬ್ರೇಕು ಒತ್ತಲಾಗದೆ, ದೊಡ್ಡ ತಿರುವಿನಲ್ಲಿ ಅಷ್ಟೂ ಮೊಟ್ಟೆಯ ಜತೆ ಮೋರಿಗೆ ಉರುಳಿದ. ಚಳಿಗೆ ಬಿದ್ದೆ ಅಂದರೆ ಚಾವಡಿ ನಂಬಲಿಲ್ಲ. ಬಿದ್ದದ್ದು ನಿಜವೆಂದು ಅವನ ಮೊಣಕಾಲು ಹೇಳುತ್ತಿತ್ತು, ಲೋಳೆಯಾದ ಅಂಗಿ ಹೇಳುತ್ತಿತ್ತು, ಕೈ ಮಾತ್ರ ಒಪ್ಪಲಿಲ್ಲ. ಮೊಟ್ಟೆಯನ್ನು ಅವನೇ ತಿಂದಿರಬೇಕೆಂದು ತೀರ್ಮಾನವಾಯಿತು. ಅಂಗಿಯ ಮೇಲಿಂದ ಹೇಗೆ ತಿಂದ ಎಂದು ಯಾರೂ ಕೇಳಲಿಲ್ಲ.

ಆ ಸಿಟ್ಟಿಗೆ ಪಾಲಾಕ್ಷ ಘಟ್ಟ ಇಳಿದು ಬಿಸಿ ಗ್ರಿಪ್ಪು ತಂದ. ಹ್ಯಾಂಡಲಿನ ಎರಡು ತುದಿಗೂ ಹಾಕುವ ದಪ್ಪನೆಯ ರಬ್ಬರು, ಒಳಗೆ ಇಸ್ತ್ರಿಪೆಟ್ಟಿಗೆಯಲ್ಲಿ ಇರುವಂಥ ತಂತಿ, ಬ್ಯಾಟರಿಯಿಂದ ಒಂದು ವೈರು, ಕೆಂಪು ದೀಪದ ಒಂದು ಗುಂಡಿ. ಗ್ಯಾರೇಜಿನ ದಸ್ತಗೀರ್ ಅದನ್ನು ಕೂರಿಸಿಕೊಟ್ಟ. ಮಾರನೆಯ ದಿನದಿಂದ ಪಾಲಾಕ್ಷನ ಬ್ರೇಕು ಹಿಡಿಯಿತು, ಮೊಟ್ಟೆ ಉಳಿಯಿತು. ಅದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲ. ಕೊರೆಯುವ ಪುಷ್ಯಮಾಸದಲ್ಲಿ ಅವನು ಈಗ ಇಳಿಸಿದ ಮುದ್ದೆಯಂಥ ಕೈಯನ್ನು ಚಾವಡಿಯಲ್ಲಿ ಚಾಚಿ 'ನನ್ನ ಮೊಟ್ಟೆ ಯಾವುದೂ ಕೊಳೆತಿಲ್ಲ' ಅಂದದ್ದು ಮಾತ್ರ ದೊಡ್ಡದಾಗಿ ಕಂಡಿತು. ಮೋಸ, ದಂಡ ಹಾಕಿ ಎಂದು ಕೂಗಾಯಿತು. ಕೈಗೌಡರು ದಂಡ ಹಾಕುವವರೇ ಇದ್ದರು. ಅಷ್ಟರಲ್ಲಿ ಅವರ ತಂಗಿಯ ಮಗ ಉಮಾಪತಿ ತನ್ನ ಗಾಡಿಗೂ ಅದನ್ನೇ ಹಾಕಿಸಿಕೊಂಡಿದ್ದಾನೆಂದು ಯಾರೋ ಅವರ ಕಿವಿಯಲ್ಲಿ ಉಸುರಿದರು. ಕೈಗೌಡರು ವಿಚಾರ ಮುಂದಕ್ಕೆ ಹಾಕಿದರು. ಆಮೇಲೆ ಹೊರಟ ತೀರ್ಪನ್ನು ಊರಿನ ಮಕ್ಕಳೂ ಬಾಯಿಪಾಠ ಹೇಳುತ್ತಾರೆ: ಗ್ರಿಪ್ಪು ಗಾಡಿಯ ಭಾಗ, ಗಾಡಿ ದಾರಿಯ ಭಾಗ, ದಾರಿಯಲ್ಲಿ ತಾನಾಗಿ ಬಂದ ಬಿಸಿಗೆ ದೋಷವಿಲ್ಲ.

ಅಲ್ಲಿಗೆ ನಡೆದು ಬಂದು ಜೇಬಿನಲ್ಲಿ ಕೈ ಇಟ್ಟವನು ಕಳ್ಳ, ಗಾಡಿಯಲ್ಲಿ ಬಂದು ಗ್ರಿಪ್ಪು ಹಿಡಿದವನು ಸತ್ಯವಂತ ಎಂದಾಯಿತು. ಊರು ಹೊಂದಿಕೊಂಡಿತು. ಹೊಂದಿಕೊಳ್ಳುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಚಾವಡಿಯ ಎದುರುಮನೆಯವನು ರಸ್ತೆ ದಾಟಿ ಬರುವುದನ್ನು ಬಿಟ್ಟು, ಗಾಡಿಯಲ್ಲಿ ಊರೊಂದು ಸುತ್ತು ಹಾಕಿಕೊಂಡು ಬಂದು ಸಾಕ್ಷಿ ಹೇಳತೊಡಗಿದ. ಗಾಡಿ ಓಡಿಸಲು ಬಾರದ ಮುದುಕರು ಹಿಂದಿನ ಸೀಟಿನಲ್ಲಿ ಕೂತು, ಓಡಿಸುವವನ ಕಂಕುಳಡಿಯಿಂದ ಕೈ ತೂರಿಸಿ ಗ್ರಿಪ್ಪು ಹಿಡಿದುಕೊಂಡು ಬರತೊಡಗಿದರು. ಅಂಥ ಅವಸ್ಥೆಯಲ್ಲಿ ಬಂದ ಇಬ್ಬರು ಅಣ್ಣತಮ್ಮಂದಿರು ಚಾವಡಿಯ ಮೆಟ್ಟಿಲಿಗೇ ಗುದ್ದಿ, ಬಿದ್ದಲ್ಲಿಂದಲೇ ಕೈ ಚಾಚಿ, ಬಿಸಿ ಆರುವ ಮೊದಲು ಮುಟ್ಟಿ ನೋಡಿ ಅಂದರಂತೆ. ಆ ಚಳಿಗಾಲದಲ್ಲಿ ಊರಿನಲ್ಲಿ ಒಂದೇ ಒಂದು ಸುಳ್ಳೂ ಸಿಗಲಿಲ್ಲ. ಧರ್ಮರಾಜ್ಯ ಬಂತೆಂದು ಕೈಗೌಡರು ಬೀಗಿದರು.

ನಾನು ಟ್ರಂಕು, ಹಾಸಿಗೆ ಸುತ್ತಿಕೊಂಡು ಮನೆಗೆ ಬಂದದ್ದು ಈ ಧರ್ಮರಾಜ್ಯಕ್ಕೆ. ಲ್ಯಾಬ್ ಟೆಕ್ನಿಷಿಯನ್ ಓದು ಮುಗಿದಿತ್ತು, ಪಾಸಾಗಿದ್ದೆ. ಅಮ್ಮ ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ್ದಳು. ಪೇಟೆಯ ಒಂದು ಲ್ಯಾಬಿನವರು ಬರುವ ತಿಂಗಳಿಂದ ಕೆಲಸಕ್ಕೆ ಬಾ ಅಂದಿದ್ದರು. ಅದನ್ನು ಅಪ್ಪನಿಗೆ ಹೇಳಿರಲಿಲ್ಲ. ಮಗಳು ಓದುವುದು ಅಪ್ಪನಿಗೆ ಮರ್ಯಾದೆ, ಕಂಡವರ ರಕ್ತ ಉಚ್ಚೆ ಪರೀಕ್ಷೆ ಮಾಡಿ ಸಂಬಳ ತರುವುದು ಮರ್ಯಾದೆಯಲ್ಲ. ಹೇಳುವ ದಾರಿ ಹುಡುಕುತ್ತಿರುವಾಗಲೇ ಉಮಾಪತಿಯ ಸಂಬಂಧ ಬಂತು. ಕಂಬಳಿ ಅಂಗಡಿ, ಕೈಗೌಡರ ಸೋದರಳಿಯ, ಬಿಸಿ ಗ್ರಿಪ್ಪಿನ ಗಾಡಿ. ಅಪ್ಪ ಕುಣಿದಾಡುವುದೊಂದು ಬಾಕಿ.

'ನಂಗೆ ಬ್ಯಾಡ ಅಪ್ಪ' ಅಂದೆ. ಆಗ ನಾನು ಹಿತ್ತಲ ಕಲ್ಲಿನ ಮೇಲೆ ಬೆಡ್‌ಶೀಟು ಒಗೆಯುತ್ತಿದ್ದೆ. ಅಪ್ಪ ಬಂದು ನನ್ನ ಮುಂಗೈ ಹಿಡಿದು ನೋಡಿದ. ಮನೆಯ ಹೆಂಗಸರ ಕೈ ಲೆಕ್ಕಕ್ಕಿಲ್ಲದಿದ್ದರೂ ತನಗೆ ಬೇಕಾದಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

'ನೋಡು, ಮಂಜಿನಂಗೈತೆ. ಬಾಯಲ್ಲಿ ಬ್ಯಾಡ ಅಂತೀಯ, ಒಳಗೊಳಗೇ ಇಷ್ಟ ಐತೆ' ಅಂದ. ನಕ್ಕು ಬೆನ್ನು ತಟ್ಟಿ ಹೋದ.

ಹಾಗೆ ಹೆಣ್ಣು ನೋಡುವ ದಿನ ಗೊತ್ತಾಯಿತು.

ಉಮಾಪತಿ ಬಂದದ್ದು ಬೀದಿಯೆಲ್ಲ ಎದ್ದು ನಿಲ್ಲುವ ಸದ್ದಿನಲ್ಲಿ. ಗಾಡಿಯನ್ನು ನಮ್ಮ ಜಗಲಿಯ ಪಕ್ಕ ನಿಲ್ಲಿಸಿದ, ಆಫ್ ಮಾಡಲಿಲ್ಲ. ಆಫ್ ಮಾಡಿದರೆ ಗ್ರಿಪ್ಪು ಆರುತ್ತದೆ. ಮಾತುಕತೆ ಉದ್ದವಾದರೆ ಹೊರಗೆ ಹೋಗಿ ಮತ್ತೆ ಕಾಯಿಸಿಕೊಳ್ಳಬೇಕಲ್ಲ. ನಮ್ಮೂರಿನ ವರಗಳೆಲ್ಲ ಈಗ ಹಾಗೇ ಮಾಡುತ್ತಾರೆ. ಯಾರ ಮನೆಯ ಮುಂದೆ ಸವಾರನಿಲ್ಲದೆ ಗಾಡಿ ಗುರುಗುಡುತ್ತಿದೆಯೋ ಅಲ್ಲಿ ಹೆಣ್ಣು ನೋಡುತ್ತಿದ್ದಾರೆ ಎಂದರ್ಥ.

ಒಳಗೆ ಚಾಪೆಯ ಮೇಲೆ ಕೈಗೌಡರು, ಪಕ್ಕದಲ್ಲಿ ಉಮಾಪತಿ, ಎದುರಿಗೆ ಅಪ್ಪ. ನಾನು ಕೇಸರಿಬಾತಿನ ತಟ್ಟೆ ಇಟ್ಟು ಬಾಗಿಲ ಪಕ್ಕ ನಿಂತೆ. ಕೈಗೌಡರು ಗ್ಲೌಸು ಕಳಚಿ ಉಮಾಪತಿಯ ಕೈ ಹಿಡಿದರು.

'ಹುಡುಗ ಕುಡಿಯೋದು ಗಿಡಿಯೋದು ಏನಾರ...' ಅಪ್ಪ ಹಲ್ಲು ಕಿರಿದ.

'ಛೆ, ವಾಸನೆ ಬಂದ್ರೆ ತಲೆ ತಿರುಗ್ತದೆ ಮಾವ' ಅಂದ ಉಮಾಪತಿ.

'ನಿಜ' ಅಂದರು ಕೈಗೌಡರು, ಕಣ್ಣು ಮುಚ್ಚಿಕೊಂಡೇ.

ಹಿಂದಿನ ಸಂತೆಯ ದಿನ ಮಟಮಟ ಮಧ್ಯಾಹ್ನ ಇದೇ ಉಮಾಪತಿ ನಮ್ಮ ಮನೆಯೆದುರಿನ ಮೋರಿಯಲ್ಲಿ ಮಲಗಿ, ದಾರಿಹೋಕರಿಗೆಲ್ಲ ದಿಂಬು ಕೊಡಿ ಎಂದು ಕೇಳುತ್ತಿದ್ದ. ಎತ್ತಿ ಜಗಲಿಯ ಮೇಲೆ ಕೂರಿಸಿದ್ದು ನಮ್ಮಪ್ಪನೇ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸ್ವಲ್ಪ ಹೊತ್ತು ಕಷ್ಟಪಟ್ಟ. ಆಮೇಲೆ ಅವನ ಮುಖ ತಿಳಿಯಾಯಿತು.

'ಹಂಗಾದ್ರೆ ಅವತ್ತು ಬಿದ್ದಿದ್ದೋನು ಬ್ಯಾರೆ ಯಾರೋ ಇರ್ಬೇಕು. ಬಿಸ್ಲು ಕಣ್ಣಿಗೆ ಹೊಡೀತಿತ್ತು ನೋಡಿ' ಅಂದ.

ನಮ್ಮೂರಿನಲ್ಲಿ ಕಣ್ಣಿಗೆ ಹೊಡೆಯುವಂಥ ಬಿಸಿಲು ಬಂದದ್ದನ್ನು ನಾನಂತೂ ಹುಟ್ಟಿದಾಗಿನಿಂದ ನೋಡಿಲ್ಲ. 'ಇವ್ರೇ ಬಿದ್ದಿದ್ದು. ನಾನೂ ನೋಡಿದೀನಿ' ಅಂದೆ.

ಕೈಗೌಡರು ಕಣ್ಣು ತೆರೆದು ಅಪ್ಪನ ಕಡೆ ತಿರುಗಿದರು. 'ಹುಡುಗಿಗೆ ಮಾತು ಬತ್ತದೆ. ಒಳ್ಳೇದು. ಕೆಲವರ ಮನೇಲಿ ಮೂಗಿ ತಂದು ತೋರಿಸ್ಬಿಡ್ತಾರೆ' ಅಂದು ನಕ್ಕರು. ಎಲ್ಲರೂ ನಕ್ಕರು. ನಾನು ಹೇಳಿದ್ದು ಆ ನಗುವಿನ ಜತೆ ಆವಿಯಾಯಿತು.

ಮಾತು ಮುಂದುವರಿಯಿತು. ಅಂಗಡಿ ಚೆನ್ನಾಗಿ ನಡೆಯುತ್ತದೆ: ನಿಜ. ಮುಂಗೋಪ ಇಲ್ಲ: ನಿಜ. ಆಮೇಲೆ ಉಮಾಪತಿ ಚಡಪಡಿಸಿ, 'ಗಾಡಿ ಒಸಿ ನೋಡ್ಕಂಡ್ ಬತ್ತೀನಿ ಮಾವ' ಎಂದು ಎದ್ದ. ಕೈಗೌಡರು ಅವನ ತೊಡೆಯ ಮೇಲೆ ಕೈಯಿಟ್ಟು, 'ಕೇಸರಿಬಾತು ತಿನ್ಕಂಡ್ ಹೋಗ್ಲಾ, ಆರೋಯ್ತದೆ' ಎಂದು ಕೂರಿಸಿದರು.

ನಾನು ಖಾಲಿ ಲೋಟಗಳನ್ನು ಹಿತ್ತಲಿಗೆ ಒಯ್ದೆ. ಅಮ್ಮ ಕುಕ್ಕರುಗಾಲಿನಲ್ಲಿ ಕೂತು ಪಾತ್ರೆ ಉಜ್ಜುತ್ತಿದ್ದಳು. ಅವಳ ಹೆಸರು ನಿಂಗಮ್ಮ. ಹೇಳಿದ್ದೇಕೆಂದರೆ ನಮ್ಮ ಬೀದಿಯಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. ನಾನೂ ಕೂತು ಲೋಟ ತೊಳೆಯಹೋದೆ. ಅವಳು ನನ್ನ ಕೈಯಿಂದ ಲೋಟ ಕಿತ್ತುಕೊಂಡಳು.

'ನೀರಿಗೆ ಕೈ ಹಾಕ್ಬ್ಯಾಡ' ಅಂದಳು. ಬೂದಿಯ ಕೈಯಿಂದಲೇ ಹಣೆಯ ಕೂದಲು ಸರಿಸಿಕೊಂಡಳು. 'ಹೊರಗೆ ಗಾಡಿ ಸುಮ್ನೆ ಉರೀತಾ ಐತೆ. ಹೋಗಿ ನೋಡ್ಕಂಡು ಬಾ.'

ನಾನು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದ ಓಣಿಯಿಂದ ಜಗಲಿಯ ಕಡೆ ಹೋದೆ. ಕೆಂಪು ದೀಪ ಹೊತ್ತಿತ್ತು. ಎರಡೂ ಗ್ರಿಪ್ಪು ಹಿಡಿದೆ. ಎಡಗಡೆಯದು ಅಷ್ಟಕ್ಕಷ್ಟೇ ಬೆಚ್ಚಗಿತ್ತು, ವೈರು ಸಡಿಲವಾಗಿರಬೇಕು. ಬಲಗಡೆಯದು ಕಾವಲಿಯಂತೆ ಕಾದಿತ್ತು. ಎರಡು ಅಂಗೈಯನ್ನೂ ಅದಕ್ಕೇ ಸುತ್ತಿದೆ. ಮೊದಲು ಬೆರಳ ತುದಿ ಚುರುಗುಟ್ಟಿತು, ಆಮೇಲೆ ಬಿಸಿ ಮಣಿಕಟ್ಟಿನವರೆಗೆ ಏರಿತು. ಮಾಗಿಯ ಚಳಿಯಲ್ಲಿ ನನ್ನ ಕೈ ಬೆಚ್ಚಗಾದದ್ದು ಅದೇ ಮೊದಲು. ಇಷ್ಟು ಸುಖವಿದ್ದರೆ ಗಂಡಸರು ಇನ್ನೂ ಹೆಚ್ಚು ಸುಳ್ಳು ಹೇಳದೆ ಇರುವುದೇ ದೊಡ್ಡದು ಅನ್ನಿಸಿತು.

ಅಷ್ಟರಲ್ಲಿ ಉಮಾಪತಿ ಹೊರಗೆ ಬಂದ, ತುಟಿಯಂಚಿನಲ್ಲಿ ಕೇಸರಿಬಾತು. ನನ್ನನ್ನು ನೋಡಿ ನಿಂತ.

'ಏನ್ ಮಾಡ್ತಿದ್ದೀ?'

'ಗಾಡಿ ನೋಡ್ತಿದ್ದೀನಿ.'

'ಸರಿ, ಒಸಿ ಜರುಗು. ನನ್ ಕೈ ಆರೋಗೈತೆ.'

'ಇನ್ನೇನು ಹೇಳೋದು ಬಾಕಿ ಐತೆ?'

'ನಿನ್ನ ಓದಿನ ವಿಷ್ಯ. ಮುಂದೆ ಓದ್ಲಿ, ನಂದೇನು ಅಡ್ಡಿ ಇಲ್ಲ ಅಂತ.' ಅಂಗಡಿಯಲ್ಲಿ ಇವತ್ತು ಇಷ್ಟು ಕಂಬಳಿ ಬಂತು ಅನ್ನುವಷ್ಟು ಸಲೀಸಾಗಿ ಹೇಳಿದ.

'ಅಡ್ಡಿ ಐತಾ?'

'ಐತೆ ಮತ್ತೆ. ಅಂಗ್ಡೀಲಿ ಯಾರು ಕೂರ್ತಾರೆ? ಜರುಗು ಅಂದೆ.'

'ಎಡಗಡೆದು ಖಾಲಿ ಐತಲ್ಲ' ಅಂದೆ.

ಅವನಿಗೆ ಹೆಂಗಸಿನ ಕೈ ಹಿಡಿದು ಎಳೆಯಲು ಧೈರ್ಯ ಸಾಲಲಿಲ್ಲ, ಎದುರುಮನೆಯವರು ಕಿಟಕಿಯಲ್ಲಿದ್ದರು. ಎಡಗಡೆಯ ಗ್ರಿಪ್ಪು ಹಿಡಿದು ನಿಂತ. ಹಾಗೆ ನಾವಿಬ್ಬರೂ ಒಂದೊಂದು ತುದಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದೆವು. ನೋಡಿದವರು ಜೋಡಿ ಚೆನ್ನಾಗಿದೆ ಅಂದುಕೊಂಡಿರಬೇಕು.

'ನಾನೇನ್ ಕೆಟ್ಟೋನಲ್ಲ' ಅಂದ ಅವನು, ನೆಲ ನೋಡುತ್ತ.

ಬಗ್ಗಿ ಅವನ ಕೈ ಮುಟ್ಟಿ ನೋಡಿದೆ. ಉಗುರುಬೆಚ್ಚಗಿತ್ತು. ಏನೂ ತಿಳಿಯಲಿಲ್ಲ.

ನಾನೇ ಮೊದಲು ಒಳಗೆ ಹೋದೆ. ಕೈಗೌಡರ ಮುಂದೆ ಕೂತು ಎರಡೂ ಅಂಗೈ ಚಾಚಿ, 'ಕೈ ನೋಡಿ' ಅಂದೆ.

'ಎದ್ದೋಗು ಮಂಗಳಾ' ಅಂದ ಅಪ್ಪ.

'ಹೆಂಗಸ್ರ ಕೈ ನೋಡೋ ಪದ್ಧತಿ ಇಲ್ಲ ಕಣವ್ವ' ಅಂದರು ಕೈಗೌಡರು, ಮಗುವಿಗೆ ಹೇಳುವ ಹಾಗೆ. 'ಅದು ಯಾವಾಗ್ಲೂ ತಣ್ಣಗಿರ್ತದೆ.'

'ಬಿಸಿ ಇದ್ರೆ?'

ಇದಕ್ಕೆ ಹಿಂದಿನ ಯಾವ ಕೈಗೌಡರೂ ಉತ್ತರ ಇಟ್ಟು ಹೋಗಿರಲಿಲ್ಲ. ಅವರು ಅಪ್ಪನನ್ನು ನೋಡಿದರು, ಬಾಗಿಲಲ್ಲಿ ಬಂದು ನಿಂತ ಉಮಾಪತಿಯನ್ನು ನೋಡಿದರು, ಕೊನೆಗೆ ಕುತೂಹಲ ತಡೆಯಲಾರದೆ ನನ್ನ ಕೈ ಹಿಡಿದರು. ಹಿಡಿದವರು ಬೆಚ್ಚಿದರು. ಅಷ್ಟು ಬಿಸಿಯನ್ನು ಅವರು ಪಂಚಾಯಿತಿ ಮೆಂಬರುಗಳ ಕೈಯಲ್ಲೂ ಕಂಡಿರಲಿಲ್ಲ.

'ನಂಗೆ ಈ ಸಂಬಂಧ ಬ್ಯಾಡ' ಅಂದೆ.

ಬಹಳ ಹೊತ್ತು ಕಣ್ಣು ಮುಚ್ಚಿದರು. 'ನಿಜ' ಅಂದರು. ಧ್ವನಿ ಅವರದ್ದೇ ಅನ್ನಿಸಲಿಲ್ಲ.

'ಅದು ನನ್ ಗಾಡೀದು ಮಾವ' ಉಮಾಪತಿ ಬಾಗಿಲಿಂದಲೇ ಅಂದ. 'ಈಗ ಹಿಡ್ಕಂಡ್ ನಿಂತಿದ್ಳು. ಗ್ರಿಪ್ಪಿನ ಬಿಸಿ ಅದು, ಸುಳ್ಳು ಬಿಸಿ.'

ಹೊರಗೆ ಗಾಡಿ ಗುರುಗುಡುತ್ತಲೇ ಇತ್ತು. ಅಪ್ಪ ಮೆಲ್ಲಗೆ ಉಮಾಪತಿಯ ಕೈ ಕಡೆ ನೋಡಿದ, ಆಮೇಲೆ ಮೋರಿಯ ಕಡೆ ನೋಡಿದ. ಟೈಲರಿಗೆ ಒಂದು ದಾರ ಎಳೆದರೆ ಹೊಲಿಗೆಯೆಲ್ಲ ಬಿಚ್ಚುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. ಕೈಗೌಡರಿಗೂ ಅದು ತಕ್ಷಣ ಹೊಳೆಯಿತು. ನನ್ನ ಬಿಸಿ ಸುಳ್ಳಾದರೆ ಅಳಿಯನ ಬಿಸಿ ಸುಳ್ಳು, ಅಳಿಯನ ಬಿಸಿ ಸುಳ್ಳಾದರೆ ಆ ಚಳಿಗಾಲದ ತೀರ್ಪೆಲ್ಲ ಸುಳ್ಳು.

'ಬಾಯಿ ಮುಚ್ಕಂಡಿರೋ' ಅಂದರು ಅಳಿಯನಿಗೆ. 'ಗ್ರಿಪ್ಪು ಗಾಡಿ ಭಾಗ, ಗಾಡಿ ದಾರಿ ಭಾಗ. ಹುಡುಗಿ ನಿಜ ಹೇಳ್ತಾವ್ಳೆ.'

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೈ ಇನ್ನೂ ಬಿಸಿಯಿತ್ತು, ಕೈಗೌಡರು ಇನ್ನೂ ಹಿಡಿದೇ ಇದ್ದರು. ಇಂಥ ಅವಕಾಶ ನಮ್ಮೂರಿನ ಹೆಣ್ಣಿಗೆ ಮತ್ತೆ ಯಾವಾಗ ಬರುತ್ತದೋ. 'ನನ್ ಓದು ಇನ್ನೂ ಒಂದು ವರ್ಷ ಬಾಕಿ ಐತೆ. ಪೇಟೆಗೆ ವಾಪಸ್ ಹೋಗ್ಬೇಕು' ಅಂದೆ.

'ನಿಜ' ಅಂದರು ಕೈಗೌಡರು. ನನ್ನ ಕೈ ಬೇಗ ಬಿಟ್ಟು ಗ್ಲೌಸು ಹಾಕಿಕೊಂಡರು.

ಅಪ್ಪ ಮೂಲೆಯಲ್ಲಿದ್ದ ಟ್ರಂಕು, ಹಾಸಿಗೆ ನೋಡಿದ. ಮತ್ತೆ ಸ್ವಲ್ಪ ಹೊತ್ತು ಕಷ್ಟಪಟ್ಟ. 'ಹಂಗಾದ್ರೆ ಸಾಮಾನು ಒಗೆಯೋಕೆ ಅಂತ ತಂದಿರ್ಬೇಕು' ಅಂದ. ಆಮೇಲೆ ನೆನಪಾಗಿ, 'ಪಾಸಾದ್ಲು ಅಂತ ಮಿಠಾಯಿ ಹಂಚಿದ್ದು?' ಅಂದ.

ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. 'ಕೊಬ್ಬರಿ ಮುಗ್ಗಲಾಗ್ತಿತ್ತು, ಹಂಚ್ದೆ. ಮಿಠಾಯಿ ತಿನ್ನೋಕೂ ಕಾರಣ ಕೇಳ್ತಾರಾ' ಅಂದಳು. ಅವಳ ಕೈಯನ್ನು ಯಾರೂ ಮುಟ್ಟಲಿಲ್ಲ. ಪದ್ಧತಿ ಇಲ್ಲ.

ಆಮೇಲೆ ಊರು ಮತ್ತೆ ಹೊಂದಿಕೊಂಡಿತು. ಪಾಲಾಕ್ಷ ಮೊಟ್ಟೆ ತಂದರೆ ಹೆಂಗಸರು ಗಾಡಿಯ ಸುತ್ತ ಮುತ್ತಿಕೊಂಡು, ಒಬ್ಬೊಬ್ಬರಾಗಿ ಗ್ರಿಪ್ಪು ಹಿಡಿದು, ಬಿಸಿ ಆರುವ ಮೊದಲು ಮನೆಯೊಳಗೆ ಓಡಿ ಗಂಡಂದಿರಿಗೆ ಏನೇನೋ ಹೇಳಿ ಬರುತ್ತಿದ್ದರಂತೆ. ಕೆಲವು ಮನೆಗಳಲ್ಲಿ ಅಂದಿನ ಮಧ್ಯಾಹ್ನದ ಊಟ ಆಗಲಿಲ್ಲ. ಕೈಗೌಡರು ಹೊಸ ತೀರ್ಪು ಕೊಟ್ಟರು: ಹೆಣ್ಣು ನೋಡಲು ಹೋದವರು ಗಾಡಿ ಆಫ್ ಮಾಡಿ ಕೀಲಿ ಜತೆಗೆ ಒಯ್ಯತಕ್ಕದ್ದು. ಹೆಂಗಸರು ಗಾಡಿ ಮುಟ್ಟಬಾರದೆಂದು ಮಾತ್ರ ಬರೆಯಿಸಲಿಲ್ಲ. ಬರೆಯಿಸಿದರೆ ಏಕೆಂದು ಹೇಳಬೇಕಾಗುತ್ತಿತ್ತು.

ನಾನು ಹೊರಟ ಬೆಳಿಗ್ಗೆ ಅಪ್ಪ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ಅಂಗಡಿಗೆ ಹೊತ್ತಾಯಿತೆಂದು ಹೋದ. ಮುಚ್ಚಬೇಕಾದ ಜೇಬುಗಳು ಬಹಳ ಬಂದಿದ್ದವು. ಅಮ್ಮ ಕಿಟಕಿಯ ಕೆಳಗೆ ನಿಂತಿದ್ದಳು. ಬಸ್ಸು ಗುಡುಗುಟ್ಟಿದಾಗ ಕೈ ಮೇಲೆತ್ತಿ, ಕಂಬಿಯ ಸಂದಿನಿಂದ ನನ್ನ ಕೈ ಹಿಡಿದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಕೈ ಮುಟ್ಟಿ ನೋಡಿದ್ದು ನನಗೆ ನೆನಪಿಲ್ಲ. ನನ್ನ ಕೈ ತಣ್ಣಗೆ ಕೊರೆಯುತ್ತಿತ್ತು.

'ಬಸ್ಸಿನ ಕಂಬಿ ತಣ್ಣಗಿರ್ತದೆ' ಅಂದಳು, ನಾನು ಏನೂ ಕೇಳದಿದ್ದರೂ.

'ಹೂಂ' ಅಂದೆ.

'ನಂಗೇನೂ ಬೇಜಾರಿಲ್ಲ. ಹೋಗು.'

ಅವಳ ಕೈಯೂ ಮಂಜುಗಡ್ಡೆಯಂತಿತ್ತು. ಆದರೆ ಬರುವ ಮೊದಲು ಪಾತ್ರೆ ತೊಳೆದು ಬಂದಿದ್ದಳು. ಹಾಗಾಗಿ ಏನೂ ಹೇಳಲು ಬರುವುದಿಲ್ಲ.